ಚಳಿಗಾಲದ ನಸುಕಿನ ಪಯಣ: ಎದೆಯಲ್ಲಿ ಕುಂತದ್ದು ಥಂಡಿಯೇ?

ನಮ್ಮ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಹಿಮವನ್ನು ನಾವು ಕಾಶ್ಮೀರದ ಸುದ್ದಿಯಲ್ಲಿ, ಪರದೇಶದಲ್ಲಿರುವ ಬಂಧುಗಳು ಮೊಬೈಲಿಗೆ ಕಳುಹಿಸುವ ಚಿತ್ರಗಳಲ್ಲಿ ಮಾತ್ರ ನೋಡಿದವರು. ಕೊಪ್ಪಳ ಜಿಲ್ಲೆ ಎಂದರೆ ಬಿಸಿಲು ಎಂದೇ ಎಲ್ಲರೂ ಹೇಳುತ್ತಾರೆ. ಆದರೆ ಡಿಸೆಂಬರ್ ಹಿಡಿಯಿತೆಂದರೆ ಗವಿಮಠದ ಜಾತ್ರೆ ಮುಗಿಯುವವರೆಗೂ ನನ್ನ ದವಾಖಾನೆಯಲ್ಲಿ ಬೆಳಗಿನ ಹೊತ್ತು ಒಂದೇ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: “ಎದಿಯಾಗ ಥಂಡಿ ಕುಂತೈತ್ರಿ ಡಾಕ್ಟ್ರೆ.”

ಹೀಗೆ ಹೇಳುವವರಲ್ಲಿ ಹೆಚ್ಚಿನವರು ನಸುಕಿನಲ್ಲಿ ದಾರಿ ಹಿಡಿಯುವವರು. ಯಲಬುರ್ಗಾದ ಹಳ್ಳಿಯಿಂದ ಕೊಪ್ಪಳಕ್ಕೆ ಬೈಕಿನಲ್ಲಿ ಹೋಗುವ ಮೇಷ್ಟ್ರು, ಗಿಣಿಗೇರಾ ಕಡೆಯ ಕಾರ್ಖಾನೆಗೆ ಮೊದಲ ಪಾಳಿಗೆ ಹೊರಡುವ ಹುಡುಗ, ಗಂಗಾವತಿ ಮಾರುಕಟ್ಟೆಯಿಂದ ತರಕಾರಿ ತರುವ ತಳ್ಳುಗಾಡಿಯ ಚಾಚಾ, ಮಕ್ಕಳನ್ನು ಶಾಲೆಗೆ ಬಿಡುವ ತಾಯಿ. ನಾನೂ ವಾರಕ್ಕೆರಡು ದಿನ ಗಂಗಾವತಿಯಿಂದ ಕನಕಗಿರಿ, ತಾವರಗೇರಾ ಮಾರ್ಗವಾಗಿ ಕುಷ್ಟಗಿಗೆ ಹೋಗುವವನೇ. ಆದ್ದರಿಂದ ಈ ತಿಂಗಳು ಚಳಿಯ ದಾರಿಯ ಬಗ್ಗೆ ನಿಮ್ಮೊಂದಿಗೆ ಮಾತನಾಡಬೇಕೆಂದಿದ್ದೇನೆ. ಅದಕ್ಕೂ ಮುನ್ನ ನಾನು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಅಬ್ಬಾ ಹೇಳಿದ ಮಾತು

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಸಂಗತಿ. ಯುನಾನಿ ಪದವಿ ಮುಗಿಸಿ ಊರಿಗೆ ಬಂದು ನನಗೆ ಹೆಚ್ಚು ದಿನಗಳಾಗಿರಲಿಲ್ಲ. ನಮ್ಮ ಅಬ್ಬಾ ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಫಜ್ರ್ ನಮಾಝ್ ಮುಗಿಸಿ, ಖಾಲಿ ಹೊಟ್ಟೆಯಲ್ಲೇ ಮೊಪೆಡ್ ಹತ್ತಿ ಕಾಲುವೆ ದಂಡೆಯ ದಾರಿಯಲ್ಲಿ ಹೋಗುತ್ತಿದ್ದರು. ಒಂದು ಕಡೆ ಏರಿ ಹತ್ತಲಾರದೆ ಆ ಹಳೆಯ ಮೊಪೆಡ್ ನಿಲ್ಲುತ್ತಿತ್ತು. ಅಲ್ಲಿ ಇಳಿದು ತಳ್ಳಿಕೊಂಡು ಹೋಗಬೇಕಿತ್ತು.

ಜನವರಿಯ ಒಂದು ಸಂಜೆ ಅಬ್ಬಾ ಹೇಳಿದರು: “ಬೇಟಾ, ಎರಡು ದಿನದಿಂದ ಎದೆಯಲ್ಲಿ ಥಂಡಿ ಕುಂತಂಗಾಗಿದೆ. ಗಾಡಿ ತಳ್ಳಿ ಏರಿ ಹತ್ತುವಾಗ ಬಿಗಿ ಹಿಡಿಯುತ್ತದೆ. ಮಿಲ್ಲಿನಲ್ಲಿ ಹೋಗಿ ಕೂತರೆ ಬಿಟ್ಟುಬಿಡುತ್ತದೆ.”

ನಾನು ನಬ್ಝ್ ನೋಡಿದೆ. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದೆ. ಕಫವಿರಲಿಲ್ಲ, ಕೆಮ್ಮಿರಲಿಲ್ಲ, ಮೂಗೂ ಸೋರುತ್ತಿರಲಿಲ್ಲ. ಆದರೂ ಚಳಿಗಾಲ, ಮಂಜು, ಅರವತ್ತರ ವಯಸ್ಸು ಎಂದುಕೊಂಡು ಜೋಶಾಂದ ಕುದಿಸಿಕೊಟ್ಟೆ. ಎದೆಗೆ ಎಣ್ಣೆ ತಿಕ್ಕಿದೆ. ಮಗನ ಕೈಯ ಮೊದಲ ಮದ್ದು ಎಂದು ಅಬ್ಬಾ ಸಂತೋಷದಿಂದ ಕುಡಿದರು. ಮರುದಿನವೂ ಹೋದರು, ಅದರ ಮರುದಿನವೂ ಹೋದರು. ಮೂರನೆಯ ನಸುಕಿನಲ್ಲಿ ಕಾಲುವೆ ಸೇತುವೆಯ ಬಳಿ ಮೊಪೆಡ್ ನಿಲ್ಲಿಸಿ ಕುಸಿದು ಕುಳಿತರು. ಆಗ ನಮ್ಮಲ್ಲಿಗೆ 108 ಆಂಬುಲೆನ್ಸ್ ಬಂದಿರಲಿಲ್ಲ. ಭತ್ತದ ಹುಲ್ಲು ತುಂಬಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರಿನವರು ಹುಲ್ಲಿನ ಮೇಲೆಯೇ ಮಲಗಿಸಿಕೊಂಡು ಆಸ್ಪತ್ರೆಗೆ ತಂದರು. ಹೃದಯಾಘಾತವಾಗಿತ್ತು.

ಅಲ್ಲಾಹನ ಕೃಪೆಯಿಂದ ಅಬ್ಬಾ ಉಳಿದರು. ಮುಂದೆ ಎಂಟು ವರ್ಷ ನಮ್ಮೊಂದಿಗಿದ್ದರು. ಆದರೆ ಆ ಎಂಟು ವರ್ಷವೂ ಮನೆಯ ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತಲು ಅವರಿಗೆ ಆಗಲಿಲ್ಲ. ಒಂದು ದಿನವೂ ನನ್ನನ್ನು ದೂರಲಿಲ್ಲ. ಆದರೆ ರೋಗದ ಲಕ್ಷಣವನ್ನು ಅವರು ತಮ್ಮ ಬಾಯಿಂದಲೇ ನನಗೆ ಹೇಳಿದ್ದರು. ಏರುವಾಗ ಬಿಗಿ, ಕೂತರೆ ಬಿಡುಗಡೆ. ನನ್ನ ಕಿವಿಗೆ ಬಿದ್ದದ್ದು ‘ಥಂಡಿ’ ಎಂಬ ಪದ ಮಾತ್ರ.

ಚಳಿ ದೇಹಕ್ಕೆ ಏನು ಮಾಡುತ್ತದೆ?

ಚಳಿ ತಗುಲಿದಾಗ ದೇಹವು ಒಳಗಿನ ಬಿಸಿಯನ್ನು ಕಾಪಾಡಿಕೊಳ್ಳಲು ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಆದ್ದರಿಂದಲೇ ಬೆರಳು, ಕಿವಿ, ಮೂಗು ಮೊದಲು ತಣ್ಣಗಾಗುತ್ತವೆ. ನಾಳ ಕುಗ್ಗಿದರೆ ರಕ್ತದೊತ್ತಡ ಏರುತ್ತದೆ. ಅಷ್ಟೇ ರಕ್ತವನ್ನು ತಳ್ಳಲು ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಬೆಳಗಿನ ಹೊತ್ತು ಎದ್ದು ಓಡಾಡತೊಡಗಿದಾಗ ರಕ್ತದೊತ್ತಡ ಹೇಗಿದ್ದರೂ ಏರುತ್ತದೆ. ಚಳಿ, ಮುಂಜಾವು, ಖಾಲಿ ಹೊಟ್ಟೆ, ಅವಸರದ ಶ್ರಮ ಇವೆಲ್ಲ ಒಂದೇ ಗಳಿಗೆಯಲ್ಲಿ ಸೇರಿದರೆ, ಮೊದಲೇ ಕಿರಿದಾಗಿರುವ ಹೃದಯದ ನಾಳಕ್ಕೆ ಅದು ಭಾರವಾಗುತ್ತದೆ. ಹೃದಯಾಘಾತಗಳು ಚಳಿಗಾಲದಲ್ಲಿ ಮತ್ತು ಬೆಳಗಿನ ಹೊತ್ತಿನಲ್ಲಿ ಹೆಚ್ಚು ಎಂಬುದನ್ನು ಹಲವು ದೇಶಗಳ ವೈದ್ಯರು ಗಮನಿಸಿದ್ದಾರೆ.

“ನಮ್ಮದೇನು ಮಹಾ ಚಳಿ?” ಎಂದು ನೀವು ಕೇಳಬಹುದು. ನಿಂತಲ್ಲಿಯ ಚಳಿ ಬೇರೆ, ಬೈಕಿನ ಮೇಲಿನ ಚಳಿ ಬೇರೆ. ಮೈಯ ಸುತ್ತಲಿನ ಬೆಚ್ಚನೆಯ ಗಾಳಿಯ ಪದರವನ್ನು ವೇಗದ ಗಾಳಿ ಕಿತ್ತುಕೊಂಡು ಹೋಗುತ್ತದೆ. ಅಮೆರಿಕ ಮತ್ತು ಕೆನಡಾದ ಹವಾಮಾನ ಇಲಾಖೆಗಳು 2001ರಿಂದ ಬಳಸುತ್ತಿರುವ ಲೆಕ್ಕದ ಪ್ರಕಾರ, 10 ಡಿಗ್ರಿ ಚಳಿಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿ ಮುಖಕ್ಕೆ ಬಡಿದರೆ ಚರ್ಮಕ್ಕೆ ಅದು ಸುಮಾರು 5ರಿಂದ 6 ಡಿಗ್ರಿಯ ಚಳಿಯಂತೆ ತಗಲುತ್ತದೆ. ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ನಮ್ಮ ಜಿಲ್ಲೆಯ ನಸುಕಿನಲ್ಲಿ ತೆಳುವಾದ ಅಂಗಿ ತೊಟ್ಟು ಬೈಕ್ ಓಡಿಸುವವನು ಊರವರಿಗಿಂತ ಬೇರೆಯದೇ ಚಳಿಗಾಲವನ್ನು ಅನುಭವಿಸುತ್ತಿರುತ್ತಾನೆ.

ಇನ್ನೊಂದು ಸಂಗತಿ ಹೊಗೆ. ರಾತ್ರಿ ನೆಲ ತಣ್ಣಗಾದಾಗ ಅದರ ಮೇಲಿನ ಗಾಳಿಯೂ ತಣ್ಣಗಾಗಿ, ಭಾರವಾಗಿ ಕೆಳಗೇ ನಿಲ್ಲುತ್ತದೆ. ಮೇಲಿನ ಬೆಚ್ಚನೆಯ ಗಾಳಿ ಅದಕ್ಕೆ ಮುಚ್ಚಳವಾಗುತ್ತದೆ. ಭತ್ತದ ಹುಲ್ಲು ಸುಟ್ಟ ಹೊಗೆ, ರಸ್ತೆಯ ಧೂಳು, ಕಾರ್ಖಾನೆಯ ಬೂದಿ ಎಲ್ಲವೂ ಬಿಸಿಲೇರುವವರೆಗೆ ನಮ್ಮ ಮೂಗಿನ ಮಟ್ಟದಲ್ಲೇ ಇರುತ್ತವೆ. ದಮ್ಮು ಇರುವವರಿಗೆ ಬೆಳಗಿನ ಪಯಣ ಕಷ್ಟವಾಗುವುದು ಇದರಿಂದಲೂ ಹೌದು.

ಯುನಾನಿಯ ಆರು ಅಗತ್ಯಗಳು, ದಾರಿಯ ಲೆಕ್ಕದಲ್ಲಿ

ಯುನಾನಿ ವೈದ್ಯದಲ್ಲಿ ಆರೋಗ್ಯವನ್ನು ಕಾಯುವ ಆರು ಅಗತ್ಯಗಳನ್ನು ಹೇಳುತ್ತಾರೆ. ಇವಕ್ಕೆ ಅಸ್ಬಾಬೆ ಸಿತ್ತಾ ಝರೂರಿಯಾ ಎಂದು ಹೆಸರು. ಇಬ್ನ್ ಸೀನಾ (980–1037) ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಇವುಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ನಸುಕಿನಲ್ಲಿ ಹೊರಡುವವರು ಈ ಆರನ್ನೂ ಒಮ್ಮೆ ನೆನೆಸಿಕೊಂಡರೆ ಸಾಕು.

ಮೊದಲನೆಯದು ಗಾಳಿ. ಚಳಿಗಾಲದ ಮಿಝಾಜ್, ಅಂದರೆ ಗುಣ, ತಂಪು ಮತ್ತು ತೇವ ಎಂದು ನಮ್ಮ ಹಕೀಮರು ಹೇಳಿದ್ದಾರೆ. ಈ ಕಾಲದಲ್ಲಿ ದೇಹದಲ್ಲಿ ಬಲ್ಗಮ್, ಅಂದರೆ ಕಫ, ಹೆಚ್ಚುತ್ತದೆ. ವೃದ್ಧರ ಮಿಝಾಜ್ ಸ್ವಭಾವತಃ ತಂಪು. ಹಾಗಾಗಿ ಅವರಿಗೆ ಈ ಕಾಲ ಎರಡು ಪಟ್ಟು ಭಾರ. ನೀರಿನ ಬಳಿಯ ಊರಿನ ಗಾಳಿ ಬೇರೆ, ಒಣ ಬಯಲಿನ ಗಾಳಿ ಬೇರೆ ಎಂಬುದನ್ನೂ ಹಿಂದಿನವರು ಗುರುತಿಸಿದ್ದರು. ನನ್ನ ದಾರಿಯಲ್ಲಿ ಇದನ್ನು ಕಣ್ಣಾರೆ ಕಾಣುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಗಂಗಾವತಿಯ ಗದ್ದೆಗಳ ಮೇಲೆ ಮಂಜು ಹಾಸಿಕೊಂಡಿರುತ್ತದೆ. ಕನಕಗಿರಿ ದಾಟಿ ಕುಷ್ಟಗಿಯ ಕಡೆ ಹೋದಂತೆ ಮಂಜು ಕಡಿಮೆಯಾಗಿ, ತುಟಿ ಒಡೆಸುವ ಒಣ ಗಾಳಿ ಬೀಸುತ್ತದೆ. ಎರಡಕ್ಕೂ ಮದ್ದು ಒಂದೇ: ಮೂಗು, ಕಿವಿ, ಎದೆ ಮುಚ್ಚಿರಬೇಕು. ಹತ್ತಿಯ ಬನಿಯನ್ನು, ಅದರ ಮೇಲೆ ಉಣ್ಣೆ, ಎಲ್ಲಕ್ಕೂ ಮೇಲೆ ಗಾಳಿ ತೂರದ ಜಾಕೆಟ್. ಜಾಕೆಟ್ ಇಲ್ಲದವರು ಮಳೆಗಾಲದ ರೇನ್‌ಕೋಟನ್ನೇ ತೊಡಬಹುದು. ಅದೂ ಇಲ್ಲದಿದ್ದರೆ ಅಂಗಿಯ ಒಳಗೆ ಎದೆಗೆ ಒಂದು ದಿನಪತ್ರಿಕೆ ಮಡಚಿ ಇಟ್ಟುಕೊಳ್ಳಿ. ಮೂಗಿನ ಮೇಲೆ ಮಫ್ಲರ್ ಇದ್ದರೆ ಒಳಹೋಗುವ ಗಾಳಿ ತುಸು ಬೆಚ್ಚಗಾಗುತ್ತದೆ. ದಮ್ಮು ಇರುವವರಿಗೆ ಇದು ಬಹಳ ಉಪಯೋಗ.

ಎರಡನೆಯದು ಅನ್ನಪಾನ. ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ. ದೊಡ್ಡ ನಾಷ್ಟಾ ಬೇಕಿಲ್ಲ. ಅರ್ಧ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಎರಡು ಖರ್ಜೂರ, ಒಂದು ಲೋಟ ಬಿಸಿ ನೀರು ಸಾಕು. ಮಧುಮೇಹ ಇದ್ದವರು ಖರ್ಜೂರ ಬಿಟ್ಟು ರೊಟ್ಟಿ ತಿನ್ನಲಿ. ಚಳಿಯಲ್ಲಿ ಬಾಯಾರಿಕೆ ಕಡಿಮೆ ಎಂದು ನೀರು ಕುಡಿಯುವುದನ್ನು ಮರೆಯುತ್ತೇವೆ. ಅದೂ ತಪ್ಪು.

ಮೂರನೆಯದು ದೇಹದ ಚಲನೆ ಮತ್ತು ವಿಶ್ರಾಂತಿ. ಹಾಸಿಗೆಯಿಂದ ಎದ್ದವರೇ ಗಾಡಿ ತಳ್ಳಬೇಡಿ. ಮನೆಯೊಳಗೆ ಐದು ಹತ್ತು ನಿಮಿಷ ನಡೆದಾಡಿ, ಕೈಕಾಲು ಬೆಚ್ಚಗಾದ ಮೇಲೆ ಹೊರಡಿ. ದೂರದ ದಾರಿಯಾದರೆ ನಡುವೆ ಒಮ್ಮೆ ಇಳಿದು ಬೆರಳುಗಳನ್ನು ತಿಕ್ಕಿಕೊಳ್ಳಿ. ಮರಗಟ್ಟಿದ ಬೆರಳು ಬ್ರೇಕನ್ನು ಸಮಯಕ್ಕೆ ಹಿಡಿಯುವುದಿಲ್ಲ.

ನಾಲ್ಕನೆಯದು ಮನಸ್ಸಿನ ಚಲನೆ ಮತ್ತು ವಿಶ್ರಾಂತಿ. ಅವಸರವೂ ಒಂದು ಕಾಯಿಲೆಯೇ. ಹತ್ತು ನಿಮಿಷ ಮೊದಲೇ ಹೊರಟರೆ ದಾರಿಯಲ್ಲಿ ಆ ಹತ್ತು ನಿಮಿಷಕ್ಕಾಗಿ ಹೋರಾಡಬೇಕಿಲ್ಲ.

ಐದನೆಯದು ನಿದ್ದೆ ಮತ್ತು ಎಚ್ಚರ. ನಡುರಾತ್ರಿಯವರೆಗೆ ಮೊಬೈಲ್ ನೋಡಿ ಐದಕ್ಕೆ ಎದ್ದವನ ಕಣ್ಣು ಮಂಜಿನಲ್ಲಿ ಮುಚ್ಚಿಕೊಳ್ಳಲು ಕಾದಿರುತ್ತದೆ. ಇಶಾ ನಂತರ ಬೇಗ ಮಲಗುವ ನಮ್ಮ ಹಿರಿಯರ ರೂಢಿ ಆರೋಗ್ಯಕ್ಕೂ ಒಳ್ಳೆಯದು.

ಆರನೆಯದು ವಿಸರ್ಜನೆ. ಚಳಿಯಲ್ಲಿ ಮೂತ್ರ ಹೆಚ್ಚು ಬರುತ್ತದೆ. ದಾರಿಯಲ್ಲಿ ಅನುಕೂಲವಿಲ್ಲವೆಂದು, ಮುಖ್ಯವಾಗಿ ಹೆಣ್ಣುಮಕ್ಕಳು, ನೀರು ಕುಡಿಯುವುದನ್ನೇ ಬಿಡುತ್ತಾರೆ ಅಥವಾ ಗಂಟೆಗಟ್ಟಲೆ ತಡೆದುಕೊಳ್ಳುತ್ತಾರೆ. ಮೂತ್ರದ ಸೋಂಕಿಗೆ ಇದೂ ಒಂದು ಕಾರಣ. ಹೊರಡುವ ಮುನ್ನ ಮನೆಯಲ್ಲೇ ಮುಗಿಸಿಕೊಳ್ಳುವ ಅಭ್ಯಾಸವಿರಲಿ.

ವುಝೂ, ಮಸೀದಿ ಮತ್ತು ರಿಯಾಯಿತಿ

ಫಜ್ರ್‌ನ ವುಝೂಗೆ ಉಗುರುಬೆಚ್ಚಗಿನ ನೀರು ಬಳಸಲು ಯಾವ ಅಡ್ಡಿಯೂ ಇಲ್ಲ. ಕೆಲವು ಹಿರಿಯರು ತಣ್ಣೀರಿನಲ್ಲಿಯೇ ಹೆಚ್ಚು ಪುಣ್ಯ ಎಂದು ಹಟ ಹಿಡಿಯುತ್ತಾರೆ. ಸಿಗುವ ಬೆಚ್ಚನೆಯ ನೀರನ್ನು ಬಿಟ್ಟು ಕಷ್ಟವನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ವುಝೂ ಆದ ಮೇಲೆ ಕಾಲ್ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ ಆಮೇಲೆ ಕಾಲುಚೀಲ ಹಾಕಿ. ಒದ್ದೆ ಕಾಲುಚೀಲದಲ್ಲಿ ಬೈಕ್ ಓಡಿಸಿದರೆ ಕಾಲು ಮರಗಟ್ಟುತ್ತದೆ, ಬೆರಳ ಸಂದಿನಲ್ಲಿ ಕೆಂಪು ಹುಣ್ಣೂ ಏಳುತ್ತದೆ. ಮಧುಮೇಹಿಗಳಿಗೆ ಅದು ದೊಡ್ಡ ಗಾಯವಾಗಬಹುದು. ಚರ್ಮದ ಮೋಜಾದ ಮೇಲೆ ಮಸಹ್ ಮಾಡುವ ಅನುಮತಿ ಊರಿನಲ್ಲಿರುವವರಿಗೆ ಒಂದು ಹಗಲು ಒಂದು ರಾತ್ರಿ, ಪ್ರಯಾಣಿಕರಿಗೆ ಮೂರು ಹಗಲು ಮೂರು ರಾತ್ರಿ ಇದೆ. ಅದರ ನಿಯಮಗಳನ್ನು ನಿಮ್ಮ ಮಸೀದಿಯ ಆಲಿಮರಿಂದ ಕೇಳಿ ತಿಳಿದುಕೊಳ್ಳಿ.

ಹೃದಯದ ಅಥವಾ ದಮ್ಮಿನ ಕಾಯಿಲೆ ಇರುವ ಹಿರಿಯರು ಕೊರೆಯುವ ನಸುಕಿನಲ್ಲಿ ಮಸೀದಿಗೆ ಹೋಗಲಾಗದಿದ್ದರೆ ಮನಸ್ಸಿನಲ್ಲಿ ಕೊರಗುತ್ತಾರೆ. ಅವರಿಗೆ ನಾನು ಬುಖಾರಿಯಲ್ಲಿ ಬಂದಿರುವ ಒಂದು ಪ್ರಸಂಗವನ್ನು ನೆನಪಿಸುತ್ತೇನೆ. ಚಳಿಗಾಳಿಯ ಒಂದು ರಾತ್ರಿ ಹಝ್ರತ್ ಇಬ್ನು ಉಮರ್(ರ) ಅಝಾನ್ ಕೊಟ್ಟು, ಜನರು ತಾವಿದ್ದಲ್ಲಿಯೇ ನಮಾಝ್ ಮಾಡಿಕೊಳ್ಳಲಿ ಎಂದು ಸಾರಿದರು. ಚಳಿಯ, ಮಳೆಯ ರಾತ್ರಿಗಳಲ್ಲಿ ಪ್ರವಾದಿ(ಸ) ಹೀಗೆಯೇ ಸಾರಿಸುತ್ತಿದ್ದರು ಎಂದು ವಿವರಿಸಿದರು. ಆರೋಗ್ಯವಂತ ಯುವಕನಿಗೆ ಇದು ಹಾಸಿಗೆ ಬಿಡದಿರಲು ನೆಪವಾಗಬಾರದು. ಆದರೆ ರೋಗಿಗೆ ಇದು ರಿಯಾಯಿತಿ. ಅದನ್ನು ಬಳಸಿಕೊಳ್ಳುವುದು ಈಮಾನಿನ ಕೊರತೆಯಲ್ಲ.

ರಸ್ತೆಯಲ್ಲಿ

ಮಂಜಿನಲ್ಲಿ ಹೆಡ್‌ಲೈಟನ್ನು ಡಿಪ್ಪಿನಲ್ಲಿ ಇಡಿ. ಎತ್ತರದ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ. ಸುಗ್ಗಿಯ ದಿನಗಳಲ್ಲಿ ಭತ್ತ, ಹುಲ್ಲು, ಹತ್ತಿ ತುಂಬಿದ ಟ್ರೇಲರ್‌ಗಳು ಹಿಂದಿನ ದೀಪವಿಲ್ಲದೆ ಹೋಗುತ್ತಿರುತ್ತವೆ, ಕೆಲವೊಮ್ಮೆ ರಸ್ತೆಯಲ್ಲೇ ನಿಂತಿರುತ್ತವೆ. ಎದುರಿಗೆ ಎಷ್ಟು ದೂರ ಕಾಣುತ್ತದೆಯೋ ಅಷ್ಟರೊಳಗೆ ನಿಲ್ಲಿಸಲಾಗುವ ವೇಗದಲ್ಲಿ ಮಾತ್ರ ಓಡಿಸಿ. ನಿಮ್ಮದೇ ಟ್ರ್ಯಾಕ್ಟರ್ ಇದ್ದರೆ ಹಿಂಭಾಗಕ್ಕೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿ. ಇನ್ನೊಬ್ಬರ ಜೀವ ಉಳಿಸುವ ಅಗ್ಗದ ಸದಕಾ ಅದು.

ಪುಟ್ಟ ಮಗುವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುವ ತಂದೆಯರನ್ನು ದಿನವೂ ನೋಡುತ್ತೇನೆ. ಒಮ್ಮೆ ಯೋಚಿಸಿ: ತಂದೆಗೆ ಬಡಿಯಬೇಕಾದ ಗಾಳಿಯನ್ನೆಲ್ಲ ಆ ಮಗುವಿನ ಎದೆ ತಡೆಯುತ್ತಿರುತ್ತದೆ. ಮಗುವನ್ನು ಹಿಂದೆ ಕೂರಿಸಿ, ನಿಮಗೆ ಬಿಗಿಯಾಗಿ ಬೆಲ್ಟಿನಿಂದ ಕಟ್ಟಿಕೊಳ್ಳಿ. 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಸುರಕ್ಷತಾ ಬೆಲ್ಟ್, ಹೆಲ್ಮೆಟ್ ಮತ್ತು ಗಂಟೆಗೆ 40 ಕಿಲೋಮೀಟರ್ ಮೀರದ ವೇಗ ಎಂದು ಕೇಂದ್ರ ಸರಕಾರ 2022ರಲ್ಲೇ ನಿಯಮ ಮಾಡಿದೆ. ಹಿಂದೆ ಕೂರುವ ತಾಯಂದಿರು, ಅಕ್ಕತಂಗಿಯರು ಬುರ್ಖಾ, ದುಪಟ್ಟಾ, ಶಾಲುಗಳ ಸೆರಗನ್ನು ಮಡಿಲಿಗೆ ಸಿಕ್ಕಿಸಿಕೊಂಡೇ ಕೂರಬೇಕು. ಚಳಿಗೆಂದು ಹೊದ್ದ ಶಾಲು ಚಕ್ರಕ್ಕೆ ಸಿಕ್ಕರೆ ಕುತ್ತಿಗೆಗೆ ಕುತ್ತು.

ಜೋಶಾಂದ ಯಾವಾಗ, ಆಸ್ಪತ್ರೆ ಯಾವಾಗ?

ಮೂಗಿನಿಂದ ಸೋರಿದರೆ ಅದು ಝುಕಾಮ್, ಗಂಟಲಿಗೆ ಎದೆಗೆ ಇಳಿದರೆ ನಝ್ಲಾ ಎಂದು ಯುನಾನಿಯಲ್ಲಿ ಹೇಳುತ್ತೇವೆ. ನೆಗಡಿಯ ವೈರಾಣು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಬಾಯಿಗೆ ಬಟ್ಟೆ ಹಿಡಿಯದೆ ಕೆಮ್ಮಿದರೆ ಬೇಗ ಹರಡುತ್ತದೆ. ಇದಕ್ಕೆ ಹಳೆಯ, ಸರಳ ನುಸ್ಖಾ ಒಂದಿದೆ: ಬೋರೆಹಣ್ಣಿನ ಜಾತಿಯ ಉನ್ನಾಬ್ 5, ಚಳ್ಳೆಹಣ್ಣಿನ ಜಾತಿಯ ಸಪಿಸ್ತಾನ್ 9, ಬಿಹಿದಾನಾ 3 ಗ್ರಾಂ. ಒಂದೂವರೆ ಲೋಟ ನೀರಿನಲ್ಲಿ ಹಾಕಿ ಒಂದು ಲೋಟವಾಗುವವರೆಗೆ ಕುದಿಸಿ, ಸೋಸಿ, ಬೆಚ್ಚಗೆ ಕುಡಿಯಿರಿ. ಜೇಷ್ಠಮಧು ಸೇರಿದ ಜೋಶಾಂದವನ್ನು ರಕ್ತದೊತ್ತಡ ಇರುವವರು ಬಹಳ ದಿನ ಕುಡಿಯಬಾರದು, ಅದು ಒತ್ತಡವನ್ನು ಏರಿಸುತ್ತದೆ. ಸಿದ್ಧ ಪುಡಿಗಳಲ್ಲಿ ಸಕ್ಕರೆ ಇರುತ್ತದೆ, ಮಧುಮೇಹಿಗಳು ಗಮನಿಸಲಿ. ಗರ್ಭಿಣಿಯರಿಗೆ ಮತ್ತು ಪುಟ್ಟ ಮಕ್ಕಳಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ಕೂಸಿನ ಮೂಗಿಗೆ ಎಣ್ಣೆ ಬಿಡುವ ರೂಢಿಯನ್ನಂತೂ ಬಿಟ್ಟುಬಿಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ದಮ್ಮಿಗೆ ಇನ್ಹೇಲರ್ ಬಳಸುವವರು ಜೋಶಾಂದದ ಭರವಸೆಯಲ್ಲಿ ಅದನ್ನು ನಿಲ್ಲಿಸಬಾರದು. ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ, ಜ್ವರ ಏರಿದರೆ, ಉಸಿರು ಕಟ್ಟಿದರೆ, ಕಫದಲ್ಲಿ ರಕ್ತ ಕಂಡರೆ ವೈದ್ಯರ ಬಳಿ ಹೋಗಿ.

ಈಗ ಮುಖ್ಯ ಮಾತು. ಯಾರಾದರೂ “ಎದೆಯಲ್ಲಿ ಥಂಡಿ ಕುಂತಿದೆ” ಎಂದರೆ ನಾನು ಈಗ ನುಸ್ಖಾ ಬರೆಯುವ ಮುನ್ನ ಮೂರು ಪ್ರಶ್ನೆ ಕೇಳುತ್ತೇನೆ. ನೀವೂ ನಿಮ್ಮ ಮನೆಯಲ್ಲಿ ಕೇಳಿ.

ಒಂದು, ಕೆಮ್ಮು, ಕಫ, ನೆಗಡಿ ಇದೆಯೇ? ಇಲ್ಲದಿದ್ದರೆ ಅದನ್ನು ಥಂಡಿ ಎಂದು ಏಕೆ ಕರೆಯುತ್ತಿದ್ದೇವೆ?

ಎರಡು, ನಡೆದಾಗ, ಏರು ಹತ್ತಿದಾಗ, ಚಳಿಗಾಳಿಗೆ ಎದುರಾದಾಗ ಬಿಗಿಯಾಗಿ, ನಿಂತರೆ ಕೂತರೆ ಬಿಡುತ್ತದೆಯೇ?

ಮೂರು, ಬಿಗಿತವು ಎಡತೋಳು, ದವಡೆ, ಬೆನ್ನಿಗೆ ಹಬ್ಬುತ್ತದೆಯೇ? ಚಳಿಯಲ್ಲೂ ತಣ್ಣನೆ ಬೆವರು, ವಾಕರಿಕೆ, ಉಸಿರುಗಟ್ಟುವಿಕೆ ಇದೆಯೇ?

ಎರಡನೆಯದಕ್ಕೆ ಹೌದು ಎಂದರೆ ಅಂದೇ ಇಸಿಜಿ ಮಾಡಿಸಿ, ಹೃದಯದ ವೈದ್ಯರನ್ನು ಕಾಣಿ. ಒಮ್ಮೆಯ ಇಸಿಜಿ ಸರಿಯಿದೆ ಎಂದ ಮಾತ್ರಕ್ಕೆ ಸುಮ್ಮನಾಗಬೇಡಿ. ಮೂರನೆಯದಕ್ಕೆ ಹೌದು ಎಂದರೆ, ಅಥವಾ ಕೂತ ಮೇಲೂ ಬಿಗಿತ ಬಿಡದಿದ್ದರೆ, ಒಂದು ನಿಮಿಷವೂ ಕಾಯಬೇಡಿ. 108ಕ್ಕೆ ಕರೆ ಮಾಡಿ. ರೋಗಿಯೇ ಬೈಕ್ ಓಡಿಸಿಕೊಂಡು ಹೋಗಬಾರದು. ಹೆಂಗಸರಲ್ಲಿ, ಮಧುಮೇಹಿಗಳಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಉಸಿರಾಟದ ತೊಂದರೆ, ಹೊಟ್ಟೆಯ ಮೇಲ್ಭಾಗದ ಸಂಕಟವಾಗಿಯೂ ಇದು ಬರಬಹುದು. “ಗ್ಯಾಸು” ಎಂದು ಸೋಡಾ ಕುಡಿಸಿ ಕೂರಬೇಡಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲ ಗಂಟೆಗಳಲ್ಲಿ ಸಿಕ್ಕಷ್ಟೂ ಹೃದಯ ಉಳಿಯುತ್ತದೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಡಿ ರಾಜ್ಯದ ಹಲವು ಸರಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತವಾಗಿ ದೊರೆಯುತ್ತದೆ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಎಂದು ಇಂದೇ ವಿಚಾರಿಸಿ ಇಟ್ಟುಕೊಳ್ಳಿ.

ಯುನಾನಿ ವೈದ್ಯನೊಬ್ಬ ಹೀಗೆ ಹೇಳುವುದು ಕೆಲವರಿಗೆ ಆಶ್ಚರ್ಯವಾಗಬಹುದು. ತಲೆಗೆ ಗಾಯವಾಗಿದ್ದ ಒಬ್ಬ ಸಹಚರರಿಗೆ, ಸ್ನಾನ ಮಾಡಲೇಬೇಕು ಎಂದು ಜೊತೆಗಿದ್ದವರು ತಿಳಿಯದೆ ಹೇಳಿದರು. ಅವರು ಸ್ನಾನ ಮಾಡಿ ತೀರಿಕೊಂಡರು. ಗೊತ್ತಿಲ್ಲದ ಮೇಲೆ ಗೊತ್ತಿದ್ದವರನ್ನು ಏಕೆ ಕೇಳಲಿಲ್ಲ ಎಂದು ಪ್ರವಾದಿ(ಸ) ತೀವ್ರವಾಗಿ ನೊಂದರು ಎಂದು ಅಬೂದಾವೂದ್‌ನಲ್ಲಿ ವರದಿಯಾಗಿದೆ. ಆ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಆ ಜನವರಿಯ ಸಂಜೆ ನೆನಪಾಗುತ್ತದೆ. ಅಂದು ನನ್ನ ಮದ್ದು ಕೆಟ್ಟದ್ದಾಗಿರಲಿಲ್ಲ. ಆದರೆ ನಾನು ಕೇಳಬೇಕಾದ್ದನ್ನು ಕೇಳಲಿಲ್ಲ, ಕೇಳಬೇಕಾದವರನ್ನೂ ಕೇಳಲಿಲ್ಲ.

ನಾಳೆ ನಸುಕಿನಲ್ಲಿ ನಿಮ್ಮ ಮನೆಯಿಂದ ಯಾರಾದರೂ ಹೊರಡುವಾಗ ಬಾಗಿಲ ಬಳಿ ಒಂದು ನಿಮಿಷ ನಿಲ್ಲಿಸಿ. ಹೊಟ್ಟೆಗೆ ಏನಾದರೂ ಬಿದ್ದಿದೆಯೇ, ಕಾಲುಚೀಲ ಒಣಗಿದೆಯೇ, ಎದೆ ಮುಚ್ಚಿದೆಯೇ ನೋಡಿ. ಹಿರಿಯರಾದರೆ, ನಿನ್ನೆ ದಾರಿಯಲ್ಲಿ ಎದೆ ಹೇಗಿತ್ತು ಎಂದು ಕೇಳಿ, ಅವರ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ಹೊರಟವರೆಲ್ಲರನ್ನೂ ಅಲ್ಲಾಹನು ಕ್ಷೇಮವಾಗಿ ಮನೆಗೆ ಮರಳಿಸಲಿ. ಆಮೀನ್.